ಬಳೆಮಂಟಪದ ದೊರೆಗಳು, ಹೊಳೆ ನುಂಗಿದ ಅರಸು

ಮೊದಲು ಕಣ್ಣಿಗೆ ಬೀಳುವುದು ಸೂರಿನ ಮೂಲೆ. ಅಲ್ಲಿಂದ ಕಲ್ಲಿನ ಸರಪಳಿಯೊಂದು ಇಳಿಬಿದ್ದಿದೆ. ಬಳೆಯೊಳಗೆ ಬಳೆ, ಅದರೊಳಗೆ ಇನ್ನೊಂದು ಬಳೆ. ಎಲ್ಲಿಯೂ ಬೆಸುಗೆಯಿಲ್ಲ, ಕೀಲಿಲ್ಲ. ಒಂದೇ ಕಲ್ಲನ್ನು ಕೊರೆಯುತ್ತ ಕೊರೆಯುತ್ತ, ಬಳೆಗಳನ್ನು ಒಂದೊಂದಾಗಿ ಬಿಡಿಸಿ, ಆದರೆ ಒಂದನ್ನೊಂದು ಬಿಟ್ಟುಹೋಗದಂತೆ ನೇತುಹಾಕಿದ್ದಾನೆ ಶಿಲ್ಪಿ. ಉಳಿಯ ಒಂದೇಟು ಹೆಚ್ಚಾಗಿದ್ದರೂ ಅದುವರೆಗಿನ ದುಡಿಮೆಯೆಲ್ಲ ನೆಲದ ಪಾಲು. ಕೆಲವು ಸರಪಳಿಗಳು ಕಾಲದ ಹೊಡೆತಕ್ಕೋ ಕೈಯಾಡಿಸಿದವರ ಚಪಲಕ್ಕೋ ತುಂಡಾಗಿವೆ. ಉಳಿದವುಗಳ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ನೆರಳು ಗೋಡೆಗೆ ಸರಿಯುತ್ತದೆ. ಕಲ್ಲು ಮಾತ್ರ ಅಲುಗುವುದಿಲ್ಲ.

ಇದು ಯಳಂದೂರಿನ ಗೌರೀಶ್ವರ ದೇವಾಲಯದ ಮಹಾದ್ವಾರ. ಊರವರ ಬಾಯಲ್ಲಿ ಬಳೆಮಂಟಪ. ಹೆಬ್ಬಾಗಿಲೆಂದರೆ ಮೇಲಕ್ಕೆ ಮೇಲಕ್ಕೆ ಏರುವ ಗೋಪುರವನ್ನು ಎದುರುನೋಡುವ ಕಣ್ಣಿಗೆ ಇಲ್ಲಿ ನಿರಾಸೆ ಕಾದಿದೆ. ಗೋಪುರವಿಲ್ಲ. ಇಕ್ಕೆಲದಲ್ಲಿ ಜಗಲಿ, ನಡುವೆ ದಾರಿ, ಮೇಲೆ ತಗ್ಗಾದ ಸೂರು. ಎತ್ತರದಲ್ಲಿ ಉಳಿಸಿದ್ದನ್ನೆಲ್ಲ ಕುಸುರಿಯಲ್ಲಿ ಸುರಿದಿದ್ದಾರೆ. ಗೋಡೆಯ ಮೈತುಂಬ ಶಿವನ ಲೀಲೆಗಳು. ಅವುಗಳ ನಡುವೆ ವಾಲಿ ಸುಗ್ರೀವರ ಕಾಳಗ, ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಕೆಡವಿಕೊಂಡ ನರಸಿಂಹ. ಶೈವರ ಗುಡಿಯ ಬಾಗಿಲಲ್ಲಿ ರಾಮಾಯಣಕ್ಕೂ ನರಸಿಂಹನಿಗೂ ಜಾಗ ಸಿಕ್ಕಿದೆ. ಕಂಬಗಳ ಮೇಲೆ ಕಣ್ಣಾಡಿಸುತ್ತ ನಿಂತರೆ ಗುಡಿಯೊಳಕ್ಕೆ ಹೋಗುವುದೇ ಮರೆತುಹೋಗುತ್ತದೆ. ಹೆಬ್ಬಾಗಿಲು ಒಳಗಿನ ಗುಡಿಯನ್ನು ಮರೆಸಿಬಿಟ್ಟಿದೆ ಎಂದು ದೂರಬೇಕೆನಿಸಿದರೆ ದೂರಬಹುದು. ನನಗಂತೂ ಆ ದೂರು ಇಲ್ಲ.

ಒಳಗಿನ ಗುಡಿ ಸುಮಾರು 1500ರ ಹೊತ್ತಿನದು. ಕಟ್ಟಿಸಿದವನು ಹದಿನಾಡಿನ ದೊರೆ ಸಿಂಗೆದೇಪ. ಹೆಬ್ಬಾಗಿಲನ್ನು ಎಬ್ಬಿಸಿದವನು ಅದೇ ವಂಶದ ಮುದ್ದರಾಜ, 1654-55ರಲ್ಲಿ. ಎರಡರ ನಡುವೆ ನೂರೈವತ್ತು ವರ್ಷ. ಆ ನೂರೈವತ್ತು ವರ್ಷಗಳಲ್ಲಿ ವಿಜಯನಗರ ತುತ್ತತುದಿಗೇರಿತು, 1565ರಲ್ಲಿ ತಾಳಿಕೋಟೆಯಲ್ಲಿ ಮುರಿದುಬಿತ್ತು. ಶ್ರೀರಂಗಪಟ್ಟಣ 1610ರಲ್ಲಿ ರಾಜ ಒಡೆಯರ ಕೈಸೇರಿತು. ಮೇಲಿನ ಛತ್ರಿಗಳು ಒಂದಾದ ಮೇಲೊಂದು ಬದಲಾದವು. ಕೆಳಗೆ ಹದಿನಾಡಿನ ಮನೆತನ ಮಾತ್ರ ಅದೇ ಊರಿನಲ್ಲಿ, ಅದೇ ಗುಡಿಯ ಮುಂದೆ ಕಲ್ಲು ಕೆತ್ತಿಸುತ್ತ ಉಳಿಯಿತು. ಬಾಗುವುದು ಯಾವಾಗ, ಕಪ್ಪ ಕಟ್ಟುವುದು ಯಾರಿಗೆ ಎಂಬ ಲೆಕ್ಕ ಈ ದೊರೆಗಳಿಗೆ ಗೊತ್ತಿತ್ತು. ಶೂರರ ಪಟ್ಟಿಯಲ್ಲಿ ಅವರ ಹೆಸರಿಲ್ಲದಿರುವುದಕ್ಕೆ ಕಾರಣವೂ ಅದೇ, ಬಳೆಮಂಟಪ ಇವತ್ತಿಗೂ ನಿಂತಿರುವುದಕ್ಕೆ ಕಾರಣವೂ ಅದೇ.

ಹದಿನಾಡು ಎಂಬ ಆ ರಾಜ್ಯವನ್ನು ಬೆಟ್ಟದ ಮೇಲಿನಿಂದ ನೋಡಿದರೆ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ. ಪೂರ್ವಕ್ಕೆ ಬಿಳಿಗಿರಿ ಸಾಲು. ಅದರ ಬುಡದಿಂದ ಬಯಲು. ಬಯಲಿನ ನಡುವೆ ಹೊನ್ನುಹೊಳೆ ಎಂದೂ ಕರೆಸಿಕೊಳ್ಳುವ ಸುವರ್ಣಾವತಿ. ಅದು ಯಳಂದೂರನ್ನು ಹಾದು, ಕೆರೆಗಳಿಗೂ ಗದ್ದೆಗಳಿಗೂ ನೀರು ಹಂಚಿ, ಕೊಳ್ಳೇಗಾಲದ ಬಳಿ ಕಾವೇರಿಗೆ ಸೇರುತ್ತದೆ. ಅಗರ, ಮಾಂಬಳ್ಳಿ, ಕೆಸ್ತೂರು, ಗುಂಬಳ್ಳಿ ಎಂದು ಊರುಗಳ ಹೆಸರು ಹೇಳುತ್ತ ಹೋದರೆ ರಾಜ್ಯದ ಎಲ್ಲೆ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಇಂದಿಗೂ ಯಳಂದೂರು ಕರ್ನಾಟಕದ ಅತಿ ಚಿಕ್ಕ ತಾಲ್ಲೂಕುಗಳಲ್ಲಿ ಒಂದು. ಹೊಳೆಯ ನೀರು, ಗದ್ದೆಯ ಭತ್ತ, ಬೆಟ್ಟದ ಜೇನು ಮತ್ತು ಮರ, ಕೊಂಗುನಾಡಿನಿಂದ ಘಟ್ಟ ಹತ್ತಿ ಬರುವ ವ್ಯಾಪಾರದ ದಾರಿ. ಇಷ್ಟು ಸಾಕಾಗಿತ್ತು ಒಂದು ಸಿಂಹಾಸನಕ್ಕೆ.

ಬಿಳಿಗಿರಿ ಬೆಟ್ಟದ ರಂಗನಾಥನಿಗೂ ಮುದ್ದರಾಜನ ಹೆಸರಿಗೂ ನಂಟಿದೆ. ದೇವಸ್ಥಾನದ ತಾಮ್ರಶಾಸನಗಳಲ್ಲಿ ಒಂದು ಹೊಯ್ಸಳ ವಿಷ್ಣುವರ್ಧನನ ದತ್ತಿಯನ್ನು ಹೇಳಿದರೆ, ಇನ್ನೊಂದು 1667ರಲ್ಲಿ ಹದಿನಾಡಿನ ಮುದ್ದರಾಜ ಬಿಟ್ಟ ದತ್ತಿಯದು. ಕೆಳಗೆ ಶಿವನಿಗೆ ಬಾಗಿಲು, ಮೇಲೆ ರಂಗನಿಗೆ ಭೂಮಿ. ಸಣ್ಣ ದೊರೆಗೆ ಎರಡೂ ಕಡೆಯ ಆಶೀರ್ವಾದ ಬೇಕಿತ್ತು. ಬಿಳಿಯ ಬಂಡೆಯ ಅಂಚಿನಲ್ಲಿ ಗುಡಿ. ಅಲ್ಲಿಂದ ಕೆಳಗೆ ನೋಡಿದರೆ ಮಂಜು ಹರಿದಂತೆಲ್ಲ ಕೆರೆಗಳು ಒಂದೊಂದಾಗಿ ಹೊಳೆಯತೊಡಗುತ್ತವೆ. ಬೆನ್ನ ಹಿಂದೆ ಕಾಡು, ಕಾಡಿನೊಳಗೆ ಭಾರ್ಗವಿ ಹೊಳೆಯ ದಂಡೆಯಲ್ಲಿ ದೊಡ್ಡ ಸಂಪಿಗೆ. ಆ ಮರದ ಬುಡದಲ್ಲಿ ಸೋಲಿಗರು ಪೂಜೆ ಮಾಡುತ್ತಾರೆ. ಶಾಸನ ಬರೆಸಿದ ದೊರೆಗೆ ರಂಗ ಪ್ರಭು. ಸೋಲಿಗರಿಗೆ ಅವನು ಭಾವ. ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದವನು. ನೆಂಟನ ಮುಂದೆ ಯಾರು ತಾನೆ ಕೈಕಟ್ಟಿ ನಿಲ್ಲುತ್ತಾರೆ?

ಇನ್ನು ಆ ಭಾವನ ಪಾದರಕ್ಷೆ. ಎರಡು ವರ್ಷಕ್ಕೊಮ್ಮೆ ಬೂದಿತಿಟ್ಟು ಗ್ರಾಮದ ಚರ್ಮ ಕುಶಲಕರ್ಮಿಗಳು ಹೊಸ ಜೋಡು ಹೊಲಿದು ತಂದು ಒಪ್ಪಿಸುತ್ತಾರೆ. ಮನುಷ್ಯರ ಕಾಲಿಗೆ ಎಂದೂ ಹೊಂದದ ಅಳತೆ ಅದು. ರಂಗ ರಾತ್ರಿ ಕಾಡು ಸುತ್ತುತ್ತಾನಂತೆ, ಹಾಗಾಗಿ ಅಟ್ಟೆ ಸವೆಯುತ್ತದಂತೆ. ತಾಮ್ರಪಟದಲ್ಲಿ ಈ ಕುಶಲಕರ್ಮಿಗಳಿಗೆ ಜಾಗವಿದೆಯೋ ಇಲ್ಲವೋ, ದೇವರು ನಡೆಯಬೇಕಾದರೆ ಅವರು ಬೇಕೇ ಬೇಕು.

ಯಳಂದೂರಿನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ನಡೆದರೆ ಉಮ್ಮತ್ತೂರು. ಇಂದಿನ ಲೆಕ್ಕದಲ್ಲಿ ಅದು ಚಾಮರಾಜನಗರ ತಾಲ್ಲೂಕಿಗೆ ಸೇರಿದರೂ ಆ ಕಾಲದ ಲೆಕ್ಕದಲ್ಲಿ ಈ ಇಡೀ ಸೀಮೆಯ ತಲೆ. ಇವತ್ತು ಅದು ಸಾಧಾರಣ ಹಳ್ಳಿ. ಭುಜಂಗೇಶ್ವರನ ಹಳೆಯ ಗುಡಿ, ಊರುಕಾತೇಶ್ವರಿಯ ಜಾತ್ರೆ, ಚೆಂಡುಹೂವಿನ ಹೊಲ, ಅರಿಶಿನದ ಪಾತಿ. ಹದಿನೈದನೇ ಶತಮಾನದ ಕೊನೆಯಲ್ಲಿ ಈ ಹಳ್ಳಿಯ ಒಡೆಯರು ತಮ್ಮನ್ನು ಪೆನುಗೊಂಡ ಚಕ್ರೇಶ್ವರರೆಂದು ಶಾಸನಗಳಲ್ಲಿ ಕರೆಸಿಕೊಂಡರು. ಪೆನುಗೊಂಡ ಎಲ್ಲಿ, ಉಮ್ಮತ್ತೂರು ಎಲ್ಲಿ! ವಿಜಯನಗರದ ಎರಡನೇ ರಾಜಧಾನಿಯಂತಿದ್ದ ಆ ಬೆಟ್ಟದ ಕೋಟೆ ತಮ್ಮದೆಂದು ಸಾರಿಕೊಳ್ಳುವುದೆಂದರೆ ಚಕ್ರವರ್ತಿಯ ಮೀಸೆಗೆ ಕೈಹಾಕಿದ ಹಾಗೆ. ಹದಿನಾಡಿನವರ ನಾಜೂಕು ಇವರಿಗೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹಂಪಿಯಲ್ಲಿ ಸಂಗಮರು ಹೋಗಿ ಸಾಳುವರು ಬಂದು, ಸಾಳುವರು ಹೋಗಿ ತುಳುವರು ಬಂದ ಗೊಂದಲದ ಕಾಲವದು. ಕೇಂದ್ರ ಸಡಿಲವಾದಾಗ ಅಂಚು ಬಿಗಿಯಾಗುತ್ತದೆ. ವೀರನರಸಿಂಹ ತಾನೇ ಬಂದು ಉಮ್ಮತ್ತೂರಿಗೆ ಮುತ್ತಿಗೆ ಹಾಕಿ ಬರಿಗೈಯಲ್ಲಿ ಮರಳಿದ. 1509ರಲ್ಲಿ ಅವನ ತಮ್ಮ ಕೃಷ್ಣದೇವರಾಯ ಪಟ್ಟಕ್ಕೆ ಬಂದಾಗ, ಅವನ ಮೊದಲ ಕೆಲಸಗಳಲ್ಲಿ ಒಂದು ಈ ಕಡೆಗೆ ದಂಡೆತ್ತುವುದೇ ಆಗಿತ್ತು. ರಾಯನ ಹೆಸರು ಹೇಳಿದರೆ ನಮಗೆ ನೆನಪಾಗುವುದು ರಾಯಚೂರು, ಕೊಂಡವೀಡು, ಕಳಿಂಗ. ಅವೆಲ್ಲ ಆಮೇಲಿನವು. 1510ರಿಂದ 1512ರವರೆಗೆ ಅವನ ದಂಡು ಬೆವರು ಸುರಿಸಿದ್ದು ಕಾವೇರಿಯ ಈ ತಿರುವಿನಲ್ಲಿ, ಗಂಗರಾಜ ಎಂಬ ಉಮ್ಮತ್ತೂರಿನ ದೊರೆಯ ಎದುರಿಗೆ.

ಗಂಗರಾಜ ಆರಿಸಿಕೊಂಡ ನೆಲೆಯನ್ನು ನೋಡಿದರೆ ಅವನ ಧೈರ್ಯದ ಗುಟ್ಟು ತಿಳಿಯುತ್ತದೆ. ಕೊಳ್ಳೇಗಾಲದಿಂದ ಉತ್ತರಕ್ಕೆ ಸತ್ಯಗಾಲದ ದಾರಿ ಹಿಡಿದು ಹೋದರೆ ಬಯಲು ಇದ್ದಕ್ಕಿದ್ದಂತೆ ಮುಗಿದು ನೀರಿನ ಸದ್ದು ಎದುರಾಗುತ್ತದೆ. ಕಾವೇರಿ ಅಲ್ಲಿ ಕವಲೊಡೆಯುತ್ತಾಳೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಬಂಡೆಗಳ ಮೇಲಿಂದ ಧುಮುಕುತ್ತವೆ. ನಡುವೆ ಉಳಿದ ದ್ವೀಪವೇ ಶಿವನಸಮುದ್ರ. ಮಳೆಗಾಲದಲ್ಲಿ ಸುತ್ತಲೂ ಕೆಂಪು ನೀರು ಮೊರೆಯುತ್ತದೆ. ಬೇಸಿಗೆಯಲ್ಲಿ ಬಂಡೆಗಳು ಬೆನ್ನು ಕಾಣಿಸುತ್ತವೆ, ಆದರೆ ಸಂದುಗಳಲ್ಲಿ ಸೆಳವು ಹಾಗೇ ಇರುತ್ತದೆ. ಕಡವು ಬಲ್ಲವನಿಗಷ್ಟೇ ದಾರಿ. ಇಂಥ ಜಾಗಕ್ಕೆ ಕೋಟೆ ಕಟ್ಟಿದ ಮೇಲೆ ಪೆನುಗೊಂಡವೇನು, ಸ್ವರ್ಗವೇ ತನ್ನದೆಂದು ಬರೆಸಿಕೊಳ್ಳಬಹುದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ರಾಯನ ಸೈನ್ಯ ಮೊದಲು ಶ್ರೀರಂಗಪಟ್ಟಣವನ್ನು ತೆಗೆದುಕೊಂಡಿತು. ಆಮೇಲೆ ಹೊಳೆಯ ಗುಂಟ ಇಳಿದು ಶಿವನಸಮುದ್ರವನ್ನು ಸುತ್ತುಗಟ್ಟಿತು. ಮುತ್ತಿಗೆ ಬಹುಕಾಲ ನಡೆಯಿತು. ಕೊನೆಗೆ ಕೋಟೆ ಬಿತ್ತು. ತಪ್ಪಿಸಿಕೊಳ್ಳಲು ಹೊಳೆಗಿಳಿದ ಗಂಗರಾಜ ಕಾವೇರಿಯಲ್ಲಿ ಮುಳುಗಿಹೋದ. ಯಾವ ನೀರು ತನ್ನನ್ನು ಕಾಯುತ್ತದೆಂದು ನಂಬಿದ್ದನೋ ಅದೇ ನೀರು.

ಹೊಳೆಯಲ್ಲಿ ಕೊನೆಗಂಡ ದೊರೆಗಳು ಬೇರೆಡೆಯೂ ಇದ್ದಾರೆ. ಜರ್ಮನಿಯ ಹೋಹೆನ್‌ಸ್ಟೌಫೆನ್ ವಂಶದ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ, ಕೆಂಪು ಗಡ್ಡದವನು, ಪಟ್ಟಕ್ಕೆ ಬಂದದ್ದು 1152ರಲ್ಲಿ. ಬಾರ್ಬರೋಸಾ 1190ರ ಜೂನ್ ತಿಂಗಳಲ್ಲಿ ಧರ್ಮಯುದ್ಧಕ್ಕೆಂದು ಹೊರಟವನು ಇಂದಿನ ತುರ್ಕಿಯ ಸಲೇಫ್ ನದಿಯಲ್ಲಿ ಮುಳುಗಿ ಸತ್ತ. ಆದರೆ ಅವನ ಜನ ಅದನ್ನು ಒಪ್ಪಲಿಲ್ಲ. ಕಿಫ್‌ಹೌಸರ್ ಬೆಟ್ಟದ ಗವಿಯೊಳಗೆ ನಿದ್ದೆಹೋಗಿದ್ದಾನೆ, ಮೇಜನ್ನು ತೂರಿಕೊಂಡು ಗಡ್ಡ ಬೆಳೆಯುತ್ತಿದೆ, ನಾಡಿಗೆ ಬೇಕಾದಾಗ ಎದ್ದುಬರುತ್ತಾನೆ ಎಂದು ಕತೆ ಕಟ್ಟಿದರು. ಆ ಬೆಟ್ಟದ ಮೇಲೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದೊಡ್ಡ ಸ್ಮಾರಕವೂ ಎದ್ದಿತು. ನಮ್ಮ ಗಂಗರಾಜನಿಗೆ ಅಂಥ ಭಾಗ್ಯವಿಲ್ಲ. ಅವನು ಎದ್ದುಬರಲಿ ಎಂದು ಯಾರೂ ಕಾಯುತ್ತಿಲ್ಲ. ಗೆದ್ದವನ ಚರಿತ್ರೆಯಲ್ಲಿ ಅವನದು ಒಂದೂವರೆ ಸಾಲು.

ಗೆದ್ದ ರಾಯ ಶ್ರೀರಂಗಪಟ್ಟಣವನ್ನು ಕೇಂದ್ರವಾಗಿಸಿ ಹೊಸ ಪ್ರಾಂತ್ಯ ಮಾಡಿದ. ಮಂತ್ರಿ ತಿಮ್ಮರಸುವಿನ ತಮ್ಮ ಸಾಳುವ ಗೋವಿಂದರಾಜನನ್ನು ಅಧಿಕಾರಿಯಾಗಿಟ್ಟ. ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಕೃಷ್ಣದೇವರಾಯನನ್ನು ಕನ್ನಡಿಗರ ಕಣ್ಣಿಗೆ ಕಟ್ಟಿಕೊಟ್ಟವರು 1970ರ ಚಿತ್ರದಲ್ಲಿ ರಾಜ್‌ಕುಮಾರ್. ಅವರ ತಂದೆಯ ಊರು ಸಿಂಗಾನಲ್ಲೂರು, ಇದೇ ಕೊಳ್ಳೇಗಾಲದ ಸೀಮೆ. ರಾಯನ ದಂಡು ತುಳಿದ ನೆಲದ ಕೂಸೊಬ್ಬ ರಾಯನ ಕಿರೀಟ ತೊಟ್ಟ. ಗಂಗರಾಜನ ಪಾತ್ರಕ್ಕೆ ಯಾವ ನಿರ್ಮಾಪಕನೂ ಬಂಡವಾಳ ಹಾಕಿದ್ದು ನಾನು ಕಂಡಿಲ್ಲ.

ಜನರ ಬಾಯಲ್ಲಿ ಉಳಿದ ಗಂಗರಾಜ ಬೇರೆಯೇ. ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಾಗಿರುವ ಐತಿಹ್ಯದಲ್ಲಿ ಹಂಪಿಯ ರಾಯನೇ ಇಲ್ಲ. ಇರುವುದೆಲ್ಲ ಮನೆಜಗಳ. ಶಿವನಸಮುದ್ರವನ್ನು ಆಳಿದವರು ಮೂವರಂತೆ. ಮೊದಲ ಗಂಗರಾಜನ ಮಗ ನಂದಿರಾಜ ಯಾವುದೋ ಆಚಾರದೋಷಕ್ಕೆ ಪ್ರಾಯಶ್ಚಿತ್ತವಾಗಿ ಹೆಂಡತಿಯೊಡನೆ ಕುದುರೆಯ ಮೇಲೆ ಕುಳಿತು ಗಗನಚುಕ್ಕಿಗೆ ಹಾರಿದ. ಅವನ ಮಗ ಎರಡನೇ ಗಂಗರಾಜ ಪಟ್ಟಣವನ್ನು ಬೆಳೆಸಿ ವೈಭವದಿಂದ ಮೆರೆದ. ಇಬ್ಬರು ಹೆಣ್ಣುಮಕ್ಕಳನ್ನು ನೆರೆಯ ಪಾಳೇಗಾರರಿಗೆ ಕೊಟ್ಟ. ಒಬ್ಬ ಸತ್ಯಗಾಲದ ಬಳಿಯ ಕಿಲಿಮಲೆಯವನು, ಇನ್ನೊಬ್ಬ ಮದ್ದೂರಿನ ಬಳಿಯ ನಗರಕೆರೆಯವನು. ಹೆಣ್ಣುಮಕ್ಕಳಿಗೆ ತವರಿನ ಬಿಂಕ. ನಮ್ಮಪ್ಪನ ಮನೆಯ ಸೊಬಗೆಲ್ಲಿ, ನಿಮ್ಮ ಈ ಗೂಡೆಲ್ಲಿ ಎಂದು ದಿನಬೆಳಗಾದರೆ ಚುಚ್ಚುಮಾತು. ರೋಸಿದ ಅಳಿಯಂದಿರು ಒಂದಾಗಿ ಮಾವನ ಊರಿಗೇ ಮುತ್ತಿಗೆ ಹಾಕಿದರು. ವರ್ಷಗಳು ಉರುಳಿದರೂ ದ್ವೀಪದೊಳಕ್ಕೆ ಕಾಲಿಡಲಾಗಲಿಲ್ಲ. ಕೊನೆಗೆ ದಳವಾಯಿ ಆಸೆಗೆ ಬಿದ್ದು, ಕಡವಿನ ಕಾವಲನ್ನು ತೆಗೆಸಿದ.

ವೈರಿಗಳು ನುಗ್ಗಿದಾಗ ಗಂಗರಾಜ ಚದುರಂಗ ಆಡುತ್ತಿದ್ದನಂತೆ. ಸದ್ದು ಕೇಳಿ ಎದ್ದ. ಎಲ್ಲ ಮುಗಿಯಿತೆಂದು ತಿಳಿದ. ಅಂತಃಪುರದ ಹೆಂಗಸರು ಮಕ್ಕಳನ್ನು ತನ್ನ ಕೈಯಾರೆ ಕೊಂದು, ಕತ್ತಿ ಹಿರಿದು ಹೊರಗೆ ಬಂದು ಸತ್ತ. ಇದನ್ನು ಕಂಡ ಅಳಿಯಂದಿರು ತಾವು ಮಾಡಿದ್ದಕ್ಕೆ ತಾವೇ ಬೆಚ್ಚಿ ಗಗನಚುಕ್ಕಿಗೆ ಹಾರಿದರು. ಅವರ ಹೆಂಡಂದಿರೂ ಹಿಂದೆಯೇ. ಅಲ್ಲಿಗೆ ಗೆದ್ದವರೂ ಇಲ್ಲ, ಸೋತವರೂ ಇಲ್ಲ.

ಕತೆಯಲ್ಲಿ ತಪ್ಪನ್ನು ಹೆಣ್ಣುಮಕ್ಕಳ ನಾಲಗೆಗೆ ಕಟ್ಟಿರುವುದು ಹಳೆಯ ಚಾಳಿ. ಕಡವಿನ ಕಾವಲು ತೆಗೆಸಿದ ದಳವಾಯಿಗೆ ಕತೆಯಲ್ಲಿ ಒಂದು ಹೆಸರೂ ಇಲ್ಲ, ಶಿಕ್ಷೆಯೂ ಇಲ್ಲ. ಅದಿರಲಿ. ನೀರಿನ ಬಗ್ಗೆ ಮಾತ್ರ ಕತೆಯೂ ಚರಿತ್ರೆಯೂ ಒಂದೇ ಮಾತು ಆಡುತ್ತವೆ. ಹೊಳೆ ಈ ವಂಶವನ್ನು ಕೊಂಡುಹೋಯಿತು.

ಆಮೇಲೆ ದ್ವೀಪ ಬರಿದಾಯಿತು. ಕಾಡು ಬೆಳೆಯಿತು, ಹುಲಿ ಬಂತು, ಮುನಿಯ ಕಾಟವಿದೆ ಎಂಬ ಭಯ ಹುಲಿಗಿಂತ ಹೆಚ್ಚು ಹರಡಿತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕೆಲ ಫಕೀರರನ್ನು ಬಿಟ್ಟರೆ ಅಲ್ಲಿ ನೆಲಸಲು ಯಾರಿಗೂ ಎದೆಯಿರಲಿಲ್ಲ. ಗಗನಚುಕ್ಕಿಯ ನೆತ್ತಿಯ ಮೇಲೆ ಮರ್ದಾನೆ ಗೈಬ್ ದರ್ಗಾ ಇಂದಿಗೂ ಇದೆ. ಹಿಂದೂಗಳು ಹೆದರಿ ಬಿಟ್ಟ ಜಾಗದಲ್ಲಿ ಫಕೀರರು ದೀಪ ಹಚ್ಚಿಟ್ಟರು. ಊರಿಗೆ ಮತ್ತೆ ಜೀವ ಬಂದದ್ದು ರಾಮಸ್ವಾಮಿ ಮೊದಲಿಯಾರ್ ಕಾಲಕ್ಕೆ. ಮೈಸೂರು ರೆಸಿಡೆಂಟರ ಬಳಿ ಕೆಲಸಕ್ಕಿದ್ದ ಈ ತಿರುಚಿನಾಪಳ್ಳಿಯ ಮನುಷ್ಯ ಹಳೆಯ ಸೇತುವೆಗಳನ್ನು ಎತ್ತಿಕಟ್ಟಿಸಿ, ಗುಡಿಗಳನ್ನು ಸರಿಪಡಿಸಿದ. ಅದಕ್ಕೆ ಜಹಗೀರೂ ಜನೋಪಕಾರ ಕಾಮಕರ್ತ ಎಂಬ ಬಿರುದೂ ಸಿಕ್ಕವು. ಉದ್ದುದ್ದ ಕಲ್ಲಿನ ಕಂಬಗಳನ್ನು ಹೊಳೆಯ ಬಂಡೆಗೆ ನೆಟ್ಟು, ಮೇಲೆ ಕಲ್ಲಿನ ಚಪ್ಪಡಿ ಹಾಸಿದ ಸೇತುವೆ. ಗಾರೆಯ ಕಮಾನಿನ ಹಂಗಿಲ್ಲ. ಜನ ಅದನ್ನು ವೆಸ್ಲಿ ಸೇತುವೆ ಎನ್ನುತ್ತಾರೆ. ಇತ್ತೀಚಿನ ಪ್ರವಾಹಗಳಲ್ಲಿ ಅದರ ಭಾಗಗಳು ಕೊಚ್ಚಿಹೋದವು. ಉಳಿದ ಕಂಬಗಳು ನೀರಿನಲ್ಲಿ ಕಾಲೂರಿ ನಿಂತಿವೆ, ಪಕ್ಕದ ಹೊಸ ಸೇತುವೆಯ ಮೇಲೆ ಬಸ್ಸುಗಳು ಓಡುತ್ತವೆ.

ದ್ವೀಪದೊಳಗೆ ಮಧ್ಯರಂಗನ ಗುಡಿ. ಶ್ರೀರಂಗಪಟ್ಟಣದ ಆದಿರಂಗನಿಗೂ ತಮಿಳುನಾಡಿನ ಶ್ರೀರಂಗದ ಅಂತ್ಯರಂಗನಿಗೂ ನಡುವಿನವನು. ಜಗನ್ಮೋಹನ ಎನ್ನುತ್ತಾರೆ. ಮಲಗಿದ ರಂಗನ ಮುಖದಲ್ಲಿ ಹರೆಯದ ಕಳೆಯಿದೆ ಎಂಬುದು ಭಕ್ತರ ಮಾತು. ಭರಚುಕ್ಕಿಗೆ ಬಂದ ಕಾರುಗಳಲ್ಲಿ ಹತ್ತಕ್ಕೊಂದು ಇಲ್ಲಿ ನಿಂತರೆ ಹೆಚ್ಚು. ಸೋಮೇಶ್ವರನ ಗುಡಿಯಲ್ಲಿ ಇನ್ನೂ ಕಡಿಮೆ ಜನ. ಆಚೆ ದಡದ ಮಂಡ್ಯ ಜಿಲ್ಲೆಯಲ್ಲಿ, ಇದೇ ಹೊಳೆಯ ಬೀಳುವಿಕೆಯನ್ನು ಹಿಡಿದು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದರು. ಗಂಗರಾಜನಿಗೆ ಕಂದಕವಾಗಿದ್ದ ನೀರು ದಿವಾನ್ ಶೇಷಾದ್ರಿ ಅಯ್ಯರ್ ಹಾಕಿದ ಯೋಜನೆಯಿಂದ ಕಾಸಾಯಿತು.

ಇಷ್ಟು ಹೊತ್ತೂ ದೊರೆಗಳ ಕಡೆಯಿಂದ ಮಾತಾಡಿದ್ದಾಯಿತು. ಹನೂರಿನ ದಾರಿ ಹಿಡಿದರೆ ದೊರೆತನದ ಇನ್ನೊಂದು ಮುಖ ಕಾಣುತ್ತದೆ. ಕೊಳ್ಳೇಗಾಲ ದಾಟಿ ಪೂರ್ವಕ್ಕೆ ಹೋದಂತೆ ಭತ್ತ ಹಿಂದುಳಿದು ರಾಗಿ, ಜೋಳ, ಹುರುಳಿ ಬರುತ್ತದೆ. ಆಮೇಲೆ ಕುರುಚಲು, ಆಮೇಲೆ ಬೆಟ್ಟದ ಮೇಲೆ ಬೆಟ್ಟ. ಎಪ್ಪತ್ತೇಳು ಮಲೆಯ ಒಡೆಯ ಮಾದಪ್ಪನ ಸೀಮೆ. ಅಮಾವಾಸ್ಯೆ ಹತ್ತಿರ ಬಂದರೆ ತಾಳುಬೆಟ್ಟದಿಂದ ಮೇಲೆ ಬರಿಗಾಲಿನ ಪರಸೆ ಏರುತ್ತದೆ, ತಲೆಯ ಮೇಲೆ ಗಂಟು, ಬಾಯಲ್ಲಿ ಉಘೇ ಉಘೇ. ದೇವರಗುಡ್ಡರು ಕಂಸಾಳೆ ಬೀಸುತ್ತ ಹಾಡುವ ಮಹಾಕಾವ್ಯದಲ್ಲಿ ಒಬ್ಬ ದೊರೆ ಬರುತ್ತಾನೆ. ಹೆಸರು ಶ್ರವಣ. ಬಂಕಾಪುರಿಯ ಅರಸು. ದೇವಾನುದೇವತೆಗಳನ್ನೆಲ್ಲ ಸೆರೆಹಾಕಿ ಒಬ್ಬೊಬ್ಬರಿಗೆ ಒಂದೊಂದು ಊಳಿಗ ಹಚ್ಚಿದವನು.

ಆ ದೊರೆಯನ್ನು ಮಾದಪ್ಪ ಕೊಂದದ್ದು ಬಿಲ್ಲಿನಿಂದಲ್ಲ, ಕತ್ತಿಯಿಂದಲ್ಲ. ಹರಳಯ್ಯನ ಕೈಯಲ್ಲಿ ಮೆಟ್ಟು ಮಾಡಿಸಿ ಕೊಟ್ಟ. ಮೆಟ್ಟು ಮೆಟ್ಟಿದ ಶ್ರವಣ ಉರಿದು ಬೂದಿಯಾದ. ಬಿಳಿಗಿರಿಯಲ್ಲಿ ದೇವರ ಕಾಲಿಗೆ ಜೋಡು, ಇಲ್ಲಿ ದೊರೆಯ ಕಾಲಿಗೆ ಬೆಂಕಿ. ಎರಡನ್ನೂ ಹೊಲಿದವರು ಒಂದೇ ಕುಲಕಸುಬಿನವರು. ಗಂಗರಾಜನಿಗೂ ಮುದ್ದರಾಜನಿಗೂ ಕಪ್ಪ ಕಟ್ಟಿದ, ಬಿಟ್ಟಿ ಬಿದ್ದ, ಕಲ್ಲು ಹೊತ್ತ ಜನ ದೊರೆತನದ ಬಗ್ಗೆ ಏನು ಅಂದುಕೊಂಡಿದ್ದರು ಎಂದು ತಿಳಿಯಬೇಕಾದರೆ ಶಾಸನ ಓದಿ ಫಲವಿಲ್ಲ. ಕಂಸಾಳೆಯ ಮುಂದೆ ಕೂರಬೇಕು. ಪೌಷದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿಕೊಂಡಾಗ ತಂಬೂರಿಯ ನೀಲಗಾರರು ಹಾಡುವ ಮಂಟೇಸ್ವಾಮಿಯ ಕತೆಯಲ್ಲಿಯೂ ಇದೇ ಧ್ವನಿ. ದೊಡ್ಡವರೆನಿಸಿಕೊಂಡವರನ್ನು ಬಾಗಿಲಲ್ಲೇ ನಿಲ್ಲಿಸಿ ಪರೀಕ್ಷೆ ಮಾಡುವ ಧ್ವನಿ.

ಮತ್ತೆ ಯಳಂದೂರಿಗೆ. ಹದಿನಾಡಿನ ಮನೆತನ ಮೈಸೂರಿನ ನೆರಳಿಗೆ ಸರಿದ ಮೇಲೆ ಊರು ಸೊರಗಲಿಲ್ಲ. ಬೇರೆ ರೀತಿಯಲ್ಲಿ ಮೈಸೂರನ್ನೇ ಆಳಿತು ಎನ್ನಬಹುದು. ಹಂಗಳದಲ್ಲಿ ನಿರ್ಬಂಧದಲ್ಲಿದ್ದ ಮೈಸೂರಿನ ಚಿಕ್ಕದೇವರಾಜನಿಗೆ ಜೊತೆಯಾಗಿದ್ದವನು ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತ. 1673ರಲ್ಲಿ ಗೆಳೆಯ ಪಟ್ಟವೇರಿದಾಗ ಪಂಡಿತ ಮಂತ್ರಿಯಾದ. ತೆರಿಗೆಯ ಬಿಗಿ, ರೈತರ ದಂಗೆ, ಜಂಗಮರ ಮೇಲೆ ನಡೆದ ಕ್ರೌರ್ಯ ಎಲ್ಲದರ ಹೊಣೆ ಅವನ ತಲೆಗೂ ಬಂತು. ಕೊನೆಗೆ ಕೊಲೆಯಾದ. ಅದೇ ಅರಮನೆಯಲ್ಲಿ ರಾಣಿಗೆ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದವಳು ಹೊನ್ನಮ್ಮ. ಅವಳೂ ಯಳಂದೂರಿನವಳೇ. ಅಳಸಿಂಗರಾರ್ಯನಲ್ಲಿ ಓದು ಕಲಿತು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಪತಿವ್ರತೆಯ ನಡತೆ ಹೇಳಲು ಹೊರಟ ಕಾವ್ಯ ಅದು. ಅದರೊಳಗೇ ಹೆಣ್ಣೆಂದು ಹಳಿಯುವವರನ್ನು ತಡೆದು ನಿಲ್ಲಿಸಿ ಪ್ರಶ್ನಿಸಿದಳು. ಶಿವನಸಮುದ್ರದ ಕತೆ ಕಟ್ಟಿದವರು ಅವಳ ಮುಂದೆ ಕೂತು ಕೇಳಬೇಕಿತ್ತು. ಹದಿನಾಡಿನ ದೊರೆಗಳಲ್ಲಿ ಯಾರ ಹೆಸರೂ ಶಾಲೆಯ ಮಕ್ಕಳ ಬಾಯಲ್ಲಿಲ್ಲ. ಸಂಚಿ ಹೊನ್ನಮ್ಮನ ಹೆಸರಿದೆ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕತ್ತರಿ ಬಿತ್ತು. ಕೊಳ್ಳೇಗಾಲ, ಹನೂರು, ಮಾದಪ್ಪನ ಮಲೆಗಳು ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿದವು. ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಒಂದೇ ಬಯಲು, ಒಂದೇ ಮಾತು, ಒಂದೇ ದೇವರು. ಆದರೆ ರೇಷ್ಮೆ ನೇಯುವ ಕೊಳ್ಳೇಗಾಲದವನ ಕಚೇರಿಯ ಕಾಗದ ಮದರಾಸಿಗೆ, ಯಳಂದೂರಿನವನದು ಜಹಗೀರ್ದಾರರ ಬಂಗಲೆಗೆ. ಪೂರ್ಣಯ್ಯನವರ ವಂಶದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರೂ ಆಗಿದ್ದರು. ಕೊಳ್ಳೇಗಾಲ ತಿರುಗಿ ಕನ್ನಡದ ಮನೆ ಸೇರಿದ್ದು 1956ರ ನವೆಂಬರ್ 1ರಂದು. ಇಂದು ಯಳಂದೂರು, ಕೊಳ್ಳೇಗಾಲ, ಹನೂರು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು.

ಚಕ್ರವರ್ತಿಗಳ ಚರಿತ್ರೆಯನ್ನೇ ಓದಿ ಬೆಳೆದ ನಮಗೆ ಸೀಮೆಯ ದೊರೆ ಎಂದರೆ ಪಾಳೇಗಾರ, ಪಾಳೇಗಾರ ಎಂದರೆ ಪುಂಡ. ಉಮ್ಮತ್ತೂರಿನ ಗಂಗರಾಜ ಹಂಪಿಯ ಇಬ್ಬರು ಅರಸರಿಗೆ ಬೆವರಿಳಿಸಿದವನು. ಹದಿನಾಡಿನ ಮುದ್ದರಾಜ ಕಲ್ಲಿಗೆ ಬಳೆ ತೊಡಿಸಿದವನು. ಇಬ್ಬರಲ್ಲಿ ಯಾರು ದೊಡ್ಡವರು ಎಂದು ಕೇಳಿದರೆ ನನ್ನ ಮತ ಮುದ್ದರಾಜನಿಗೆ. ಹಠಕ್ಕಿಂತ ಬಾಗಿಲು ಮೇಲು. ಭರಚುಕ್ಕಿ ನೋಡಲು ಹೋಗುವವರು ಮೊಬೈಲಿನಲ್ಲಿ ನೀರು ತುಂಬಿಕೊಂಡು ಹಾಗೇ ಬೆಂಗಳೂರಿನ ದಾರಿ ಹಿಡಿಯಬೇಡಿ. ಮಧ್ಯರಂಗನ ಗುಡಿಯಲ್ಲೊಮ್ಮೆ ನಿಲ್ಲಿ, ಕಲ್ಲುಕಂಬದ ಸೇತುವೆ ನೋಡಿ, ಕೊಳ್ಳೇಗಾಲ ಹಾದು ಯಳಂದೂರಿಗೆ ಬನ್ನಿ. ಬಳೆಮಂಟಪಕ್ಕೆ ಟಿಕೆಟ್ಟಿನ ಸಾಲಿಲ್ಲ, ನೂಕುನುಗ್ಗಲಿಲ್ಲ. ಒಂದೇ ಕೋರಿಕೆ: ಸರಪಳಿಗೆ ಕೈ ಹಾಕಿ ಅಲುಗಿಸಬೇಡಿ. ಮುರಿದ ಬಳೆಯನ್ನು ಮತ್ತೆ ಕೂಡಿಸುವ ಉಪಾಯ ಆ ಶಿಲ್ಪಿಗೂ ತಿಳಿದಿರಲಿಲ್ಲ.